ಮೂವತ್ತೊಂದು ಚುಕ್ಕೆಗಳು

ಆ ಸಂಶೋಧನಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಗೇಟಕ್ಕ. ಹೊಸದಾಗಿ ಬಂದವರು, ಕಾವಲಿಗಿರುವ ಹೆಂಗಸಿರಬೇಕು ಎಂದುಕೊಂಡು ಹೊರಬಾಗಿಲಲ್ಲೇ ಅವಳನ್ನು ಹುಡುಕುವುದಿತ್ತು. ಅಲ್ಲಿ ಕೂರುವ ಕಾವಲುಗಾರ ಆಗೆಲ್ಲ ನಗುತ್ತ, "ಈ ಕಟ್ಟಡಕ್ಕೆ ಎರಡು ಗೇಟು ಸ್ವಾಮಿ. ಇದು ನಂದು. ಇನ್ನೊಂದು ನೆಲಮಾಳಿಗೇಲಿದೆ, ಅದನ್ನ ದಾಟೋದೇ ಕಷ್ಟ" ಎಂದು ಮೆಟ್ಟಿಲ ಕಡೆ ಕೈ ತೋರಿಸುತ್ತಿದ್ದ.

ನೆಲಮಾಳಿಗೆಯ ಕೋಣೆಗೆ ಕಿಟಕಿ ಇರಲಿಲ್ಲ. ಯಂತ್ರಕ್ಕೆ ಸೆಖೆ ಆಗದೆಂದು ವರ್ಷವಿಡೀ ಎ.ಸಿ. ಓಡುತ್ತಿತ್ತು, ಅದಕ್ಕಾಗಿ ಕುರ್ಚಿಯ ಬೆನ್ನಿಗೆ ಒಂದು ಹಳೆಯ ಸ್ವೆಟರು. ಮೇಜಿನ ಮೇಲೆ ಬಟ್ಟೆ ಒಗೆಯುವ ಮಷಿನ್ನಿನಷ್ಟು ದೊಡ್ಡದಾದ, ಬೂದು ಬಣ್ಣದ ಯಂತ್ರ. ಮೇಜಿನ ಕೆಳಗೆ ಬಳಸಿದ ನೀರು ಬೀಳುವ ಕ್ಯಾನು, ಬ್ಲೀಚಿನ ವಾಸನೆ. ಯಂತ್ರದ ಹೆಸರು ಫ್ಲೋ ಸೈಟೋಮೀಟರ್. ಕೆಲಸ ಹೇಳುವುದಕ್ಕೆ ಸುಲಭ: ರಕ್ತದ್ದೋ ಇಲಿಯ ಹೊಟ್ಟೆಯೊಳಗಿನ ಗುಲ್ಮದ್ದೋ ಕೋಶಗಳಿಗೆ ಬಣ್ಣ ಅಂಟಿಸಿ, ಅವನ್ನು ಕೂದಲೆಳೆಯಂಥ ನೀರಿನ ಧಾರೆಯಲ್ಲಿ ಒಂದರ ಹಿಂದೊಂದು ಓಡಿಸುವುದು, ಅಡ್ಡಲಾಗಿ ಲೇಸರ್ ಬೆಳಕು ಬಿಡುವುದು, ಪ್ರತಿ ಕೋಶ ಎಷ್ಟು ಹೊಳೆಯಿತು ಎಂಬುದನ್ನು ಪರದೆಯ ಮೇಲೆ ಒಂದು ಚುಕ್ಕೆಯಾಗಿ ಇಡುವುದು. ಹತ್ತು ಸಾವಿರ ಕೋಶ ಓಡಿದರೆ ಹತ್ತು ಸಾವಿರ ಚುಕ್ಕೆ. ಆಮೇಲೆ ಬೇಕಾದ ಚುಕ್ಕೆಗಳ ಸುತ್ತ ಒಂದು ಚೌಕ ಬರೆದು, ಒಳಗೆ ಶೇಕಡಾ ಎಷ್ಟಿವೆ ಎಂದು ಎಣಿಸುತ್ತಾರೆ. ಆ ಚೌಕಕ್ಕೆ ಗೇಟು ಎಂದು ಹೆಸರು.

ಎಲ್ಲ ಇರುವುದು ಆ ಚೌಕದಲ್ಲೇ. ಅದನ್ನು ಒಂದು ಕೂದಲು ಎಡಕ್ಕೆ ಸರಿಸಿದರೆ ಮೂರಿದ್ದದ್ದು ಆರಾಗುತ್ತದೆ, ಬಲಕ್ಕೆ ಸರಿಸಿದರೆ ಸೊನ್ನೆ. ಆದ್ದರಿಂದ ಬಣ್ಣ ಹಾಕದ ಒಂದು ಟ್ಯೂಬನ್ನು ಮೊದಲು ಓಡಿಸಿ, ಹೊಳಪು ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿ ಗೆರೆ ಎಳೆಯಬೇಕು. ಎಳೆದ ಮೇಲೆ ಎಲ್ಲ ಟ್ಯೂಬಿಗೂ ಅದೇ ಗೆರೆ. ಸತ್ತ ಕೋಶಗಳಿಗೆ ಯಾವ ಬಣ್ಣವಾದರೂ ಅಂಟುತ್ತದೆ, ಅವನ್ನು ಮೊದಲೇ ತೆಗೆದುಹಾಕಬೇಕು. ಇದಿಷ್ಟು ಅವಳ ಕೋಣೆಯ ನಿಯಮ. ಯಾರೇ ಟ್ಯೂಬು ಹಿಡಿದು ಬರಲಿ, "ಗೇಟು ಎಲ್ಲಿ ಹಾಕಿದ್ರಿ? ಯಾಕೆ ಅಲ್ಲೇ ಹಾಕಿದ್ರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅಡ್ಡಹೆಸರು ಬಿದ್ದದ್ದು ಅದರಿಂದ.

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಅವಳು ಒಂದು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿದ್ದಳು. ಕಫ, ಕೀವು, ಮಲ, ಮೂತ್ರ ಎಲ್ಲವನ್ನೂ ಕೈಯಾರೆ ಮುಟ್ಟಿದವಳು. ಯಾವುದಕ್ಕೂ ಮೂಗು ಮುರಿದವಳಲ್ಲ. ಊಟಕ್ಕೆ ಕೂತಾಗ ಸಹೋದ್ಯೋಗಿಯೊಬ್ಬಳು ಯಾವನದೋ ಹುಣ್ಣಿನ ಕಥೆ ಹೇಳಿದರೂ ತುತ್ತು ನಿಲ್ಲುತ್ತಿರಲಿಲ್ಲ. ಅವಳ ಗಂಡ ದರ್ಜಿ, ಒಂದು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರು. "ನಮ್ಮನೆಯವಳಿಗೆ ಹೇಸಿಗೆ ಅನ್ನೋದನ್ನ ದೇವರು ಹಾಕೋಕೇ ಮರೆತ" ಎಂದು ಅವನು ನಾಲ್ಕು ಜನರೆದುರು ಹೇಳುವುದಿತ್ತು. ಅದು ಸುಳ್ಳು ಎಂದು ಅವನಿಗೆ ಗೊತ್ತಾದದ್ದು ಅವಳಿಗೆ ಐವತ್ತೆರಡು ತುಂಬಿದ ವರ್ಷ.

ಆ ವರ್ಷ ಮೂರನೇ ಮಹಡಿಯ ಪ್ರೊಫೆಸರರ ಲೇಖನವೊಂದು ದೊಡ್ಡ ಪತ್ರಿಕೆಯಲ್ಲಿ ಬಂತು. ಸಂಶೋಧನಾಲಯದ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು, ಚಹಾ ಬಿಸ್ಕತ್ತು ಹಂಚಿದರು, ನಿರ್ದೇಶಕರು ಪ್ರೊಫೆಸರರ ಬೆನ್ನು ತಟ್ಟಿದರು. ದೇಹದ ರಕ್ಷಣಾಪಡೆ ಕೆಲವೊಮ್ಮೆ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಏರಿಹೋಗುತ್ತದಲ್ಲ, ಅದನ್ನು ತಡೆಯುವ ಒಂದು ಬಗೆಯ ಕೋಶಗಳಿವೆ. ಪ್ರೊಫೆಸರರ ಔಷಧ ಕೊಟ್ಟ ಇಲಿಗಳಲ್ಲಿ ಆ ತಡೆಯುವ ಕೋಶಗಳು ಶೇಕಡಾ ಮೂರರಿಂದ ಹನ್ನೆರಡಕ್ಕೆ ಏರಿವೆ ಎಂಬುದು ಲೇಖನದ ಸಾರ. ನಾಲ್ಕು ಪಟ್ಟು. ಬರೆದವರ ಸಾಲಿನಲ್ಲಿ ಏಳನೆಯದಾಗಿ ಗೇಟಕ್ಕನ ಹೆಸರೂ ಇತ್ತು. ಅಂಥ ಪತ್ರಿಕೆಯಲ್ಲಿ ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ಅತ್ತೆಗೆ ತೋರಿಸೋಣ ಎಂದು ಒಂದು ಪ್ರತಿ ಕೇಳಿ ತೆಗೆದುಕೊಂಡು, ಮಡಚಿದರೆ ಗೀರು ಬೀಳುತ್ತದೆಂದು ಊಟದ ಡಬ್ಬಿಯ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೊರಟಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಪುಟ ತಿರುಗಿಸುತ್ತ ಮೂರನೇ ಚಿತ್ರಕ್ಕೆ ಬಂದಳು. ಪಕ್ಕಪಕ್ಕ ಎರಡು ಚೌಕ, ಒಂದು ಔಷಧ ಕೊಡದ ಇಲಿಯದು, ಒಂದು ಕೊಟ್ಟದ್ದರದು. ಚುಕ್ಕೆಗಳಿರಲಿಲ್ಲ, ಭೂಪಟದಲ್ಲಿ ಬೆಟ್ಟ ತೋರಿಸುವ ಹಾಗೆ ಸುತ್ತುಸುತ್ತು ಗೆರೆಗಳು. ಬಲಗಡೆಯ ಚಿತ್ರದಲ್ಲಿ ಗೇಟಿನೊಳಗೆ ಒಂದು ಪುಟ್ಟ ಗುಡ್ಡ, ಮೇಲೆ ದಪ್ಪಕ್ಷರದಲ್ಲಿ ಹನ್ನೆರಡು. ಅಂಚಿನ ಮೇಲೆ ಇರಬೇಕಾದ ಅಳತೆಯ ಗುರುತುಗಳನ್ನು ಯಾರೋ ಅಳಿಸಿದ್ದರು. ಎಷ್ಟು ಕೋಶ ಎಣಿಸಿದ್ದು ಎಂಬುದೂ ಇರಲಿಲ್ಲ. ಬಣ್ಣ ಹಾಕದ ಟ್ಯೂಬಿನ ಚಿತ್ರ ಎಲ್ಲೂ ಇಲ್ಲ. ಆ ಗುಡ್ಡದ ಆಕಾರವನ್ನೇ ನೋಡುತ್ತ ಕೂತವಳಿಗೆ ನಿಧಾನವಾಗಿ ಒಂದು ಮಂಗಳವಾರ ನೆನಪಾಯಿತು. ಐಸು ಕರಗಿಹೋದ ಡಬ್ಬ, ಅದರ ನೀರಿನಲ್ಲಿ ತೇಲುತ್ತಿದ್ದ, ಔಷಧ ಕೊಟ್ಟ ಇಲಿಯ ಟ್ಯೂಬುಗಳು. "ಇದನ್ನ ಎಸೀರಿ, ಹೆಣ ಎಣಿಸೋಕೆ ನನ್ ಮಷಿನ್ ಯಾಕೆ" ಎಂದು ಓಡಿಸಿ ನೋಡಿದ ಮೇಲೆ ತಾನೇ ಹೇಳಿದ್ದಳು.

ಅವಳು ಇಳಿಯುವ ನಿಲ್ದಾಣ ದಾಟಿ ಬಸ್ಸು ಇನ್ನೂ ಎರಡು ನಿಲ್ದಾಣ ಮುಂದೆ ಬಂದುಬಿಟ್ಟಿತ್ತು.

ಮನೆಗೆ ಬಂದಾಗ ಅತ್ತೆ ಅವಳ ಮುಖ ನೋಡಿ, "ಏನಮ್ಮಾ, ದಾರೀಲಿ ಏನಾದ್ರೂ ತುಳಿದ್ಯಾ? ಕಾಲು ತೊಳ್ಕೊಂಡು ಬಾ" ಎಂದರು. ಅವಳು ಕಾಲು ತೊಳೆದಳು, ಆದರೆ ಮುಖ ಹಾಗೇ ಇತ್ತು. ಗಂಡ ಮನೆಯಲ್ಲೂ ಒಂದು ಮೇಜಿಟ್ಟುಕೊಂಡು ಬಟ್ಟೆ ಕತ್ತರಿಸುತ್ತಿದ್ದ. ಆ ಮೇಜಿನ ಮೇಲೆ ಲೇಖನವನ್ನು ಹರವಿದಳು.

"ರೀ, ನಿಮ್ ಸ್ಕೇಲು ಕೊಡಿ. ಇದು ಔಷಧ ಕೊಡದ ಇಲಿ, ಇದು ಕೊಟ್ಟಿದ್ದು. ಎರಡರಲ್ಲೂ ಈ ಚೌಕದ ಕೆಳಗಿನ ಗೆರೆ ಒಂದೇ ಮಟ್ಟದಲ್ಲಿರಬೇಕು."

ಅವನು ಕನ್ನಡಕ ಏರಿಸಿ, ಸ್ಟೀಲಿನ ಸ್ಕೇಲನ್ನು ಎರಡೂ ಚಿತ್ರಗಳಿಗೆ ಅಡ್ಡಲಾಗಿ ಇಟ್ಟ. "ಇಲ್ಲ. ಬಲಗಡೇದು ಇಳಿದಿದೆ. ಕಾಲಿಂಚು ಇಲ್ದಿದ್ರೂ ಹತ್ತತ್ರ. ಯಾಕೆ, ಇಳೀಬಾರದಾ?"

"ಒಬ್ಬ ಗಿರಾಕಿಗೆ ಒಂದು ಟೇಪು, ಇನ್ನೊಬ್ಬನಿಗೆ ಹಿಗ್ಗಿದ ಟೇಪು ಹಿಡಿದು, ಇವನೇ ಗಿಡ್ಡ ಅವನೇ ಉದ್ದ ಅಂದ್ರೆ ಒಪ್ತೀರಾ?"

"ಹಾಗ್ಯಾಕೆ ಹೇಳ್ತಾರೆ? ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿದ್ರೆ ಕಣ್ಣಿಗೇ ಕಾಣುತ್ತಲ್ಲೇ."

"ಇಲ್ಲಿ ಕಾಣಲ್ಲ. ಅದಕ್ಕೇ ಧೈರ್ಯ."

ಅಂದು ಅವಳಿಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷ ಕೀವು ಮುಟ್ಟಿದವಳಿಗೆ ಒಂದು ಕಾಗದ ಮುಟ್ಟಲು ಆಗುತ್ತಿರಲಿಲ್ಲ. ಅತ್ತೆ ಅದನ್ನು ತೆಗೆದು ಕಪಾಟಿನ ಮೇಲಿಟ್ಟರು.

ಮರುದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಆ ಮಂಗಳವಾರದ ಫೈಲು ತೆರೆದದ್ದು. ಯಂತ್ರ ಎಣಿಸಿದ್ದು ಯಂತ್ರದ ಕಂಪ್ಯೂಟರಿನಲ್ಲಿ ಇದ್ದಂತೆಯೇ ಇರುತ್ತದೆ, ಮೇಲೆ ಎಳೆಯುವ ಗೆರೆಗಳು ಮಾತ್ರ ಬೇರೆ. ಬಣ್ಣ ಹಾಕದ ಟ್ಯೂಬು ನೋಡಿ ಗೆರೆ ಎಳೆದಳು, ಸತ್ತವನ್ನು ತೆಗೆದಳು. ಔಷಧ ಕೊಡದ ಇಲಿಯಲ್ಲಿ ಒಂಬತ್ತು ಸಾವಿರ ಚಿಲ್ಲರೆ ಜೀವಂತ ಕೋಶ, ತಡೆಯುವ ಕೋಶ ಶೇಕಡಾ ಮೂರು ಪಾಯಿಂಟ್ ಒಂದು. ಔಷಧ ಕೊಟ್ಟದ್ದರಲ್ಲಿ ಬದುಕಿ ಉಳಿದದ್ದೇ ಎಂಟುನೂರ ಅರವತ್ತೊಂದು. ಗೇಟಿನೊಳಗೆ ಮೂವತ್ತೊಂದು ಚುಕ್ಕೆ. ಶೇಕಡಾ ಮೂರು ಪಾಯಿಂಟ್ ಆರು. ಬೆರಳಿಟ್ಟು ಪರದೆಯ ಮೇಲೆ ಒಂದೊಂದನ್ನೂ ಎಣಿಸಬಹುದಿತ್ತು, ಎಣಿಸಿದಳು. ಆ ಮೂವತ್ತೊಂದಕ್ಕೆ ಒಂದಷ್ಟು ಹೆಣ ಸೇರಿಸಿ, ಗೆರೆ ಇಳಿಸಿ, ಮೇಲೆ ಸುತ್ತುಗೆರೆಗಳ ನುಣುಪು ಬಳಿದು ಗುಡ್ಡ ಮಾಡಿದ್ದರು. ಅವಳ ದಿನಚರಿಯ ಪುಸ್ತಕದಲ್ಲಿ ಆ ದಿನದ ಎದುರು ಅವಳದೇ ಅಕ್ಷರ: ಐಸು ಕರಗಿದೆ, ಬಳಸಬೇಡಿ ಎಂದು ಹೇಳಿದ್ದೇನೆ.

ಚಿತ್ರ ಮಾಡಿದವಳು ಪ್ರೊಫೆಸರರ ಹತ್ತಿರ ಪಿಎಚ್‌ಡಿಗಿದ್ದ ಹುಡುಗಿ. ಆರನೇ ವರ್ಷ ನಡೆಯುತ್ತಿತ್ತು ಅವಳಿಗೆ. ಗೇಟಕ್ಕ ಅವಳನ್ನು ಕೆಳಗೆ ಕರೆಸಿ ಪರದೆಯೆದುರು ಕೂರಿಸಿದಳು.

"ಈ ಗೆರೆ ಯಾಕೆ ಇಳೀತು?"

ಹುಡುಗಿ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡಳು.

"ಸತ್ತ ಕೋಶ ಯಾಕೆ ತೆಗೀಲಿಲ್ಲ?"

"ತೆಗೆದ್ರೆ ಏನೂ ಉಳಿಯಲ್ಲ ಅಕ್ಕಾ."

"ಏನೂ ಉಳಿಯಲ್ಲ ಅನ್ನೋದೇ ತಾನೆ ಉತ್ತರ?"

"ಸರ್ ಒಪ್ಪಲಿಲ್ಲ. ನಾಲ್ಕು ಸಲ ಮಾಡಿಸಿದ್ರು. ಮೊದಲು ಚುಕ್ಕೆ ಚುಕ್ಕೆಯಾಗೇ ಹಾಕಿದ್ದೆ. ಬೋಳು ತಲೆ ಥರ ಕಾಣುತ್ತೆ, ಚೆಂದ ಮಾಡು ಅಂದ್ರು. ಐದು ಇಲೀಲಿ ಇದೊಂದೇ ಸ್ವಲ್ಪ ಜಾಸ್ತಿ ತೋರಿಸ್ತಿತ್ತು. ಇದೇ ಮಾದರಿ ಅಂತ ಹಾಕು ಅಂದ್ರು. ಎಲ್ಲರೂ ಇಷ್ಟು ಮಾಡೇ ಮಾಡ್ತಾರೆ ಅಕ್ಕಾ. ನೀವು ಬೇರೆಯವರ ಪೇಪರ್ ನೋಡಿ."

"ನೋಡಿದೀನಿ. ಅದಕ್ಕೇ ಕೇಳ್ತಿರೋದು."

ಗೇಟಕ್ಕ ನೇರ ಮೂರನೇ ಮಹಡಿಗೆ ಹತ್ತಿದಳು. ಪ್ರೊಫೆಸರರು ಕೂಗಾಡುವ ಮನುಷ್ಯರಲ್ಲ. ಎದ್ದು ನಿಂತು ಕುರ್ಚಿ ತೋರಿಸಿದರು, ಅತ್ತೆಯವರ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಅವಳು ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದರು.

"ನೋಡಿ, ಚಿತ್ರ ಅಂದ್ರೆ ಓದೋರಿಗೆ ಅರ್ಥ ಮಾಡಿಸೋದಕ್ಕೆ. ಪ್ರತಿಯೊಂದು ಚುಕ್ಕೇನೂ ಅಲ್ಲಿ ತಂದು ಸುರಿಯೋಕಾಗುತ್ತಾ? ನೀವು ಮಷಿನ್ ನೋಡ್ಕೊಳ್ಳಿ. ಅರ್ಥ ನಾನು ನೋಡ್ಕೋತೀನಿ."

"ಅರ್ಥ ಮಾಡಿಸೋದಲ್ಲ ಸಾರ್ ಇದು. ಕಣ್ಣಿಗೆ ಮಣ್ಣೆರಚೋದು."

ಅವರ ಮುಖದ ನಗು ಹೋಗಲಿಲ್ಲ. "ಆರು ವರ್ಷದ ಹಿಂದೆ, ಗುಲ್ಮದ ಪೇಪರಿಗೆ ಗೇಟ್ ಸರಿಸಿ ಕೊಟ್ಟೋರು ಯಾರು? ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಮೌಸ್ ಹಿಡಿದಿದ್ದು ನಿಮ್ಮ ಕೈ. ಆಗ ನಿಮಗೆ ಅಸಹ್ಯ ಆಗಲಿಲ್ವಾ?"

ಅದು ನಿಜವಾಗಿತ್ತು. ಆ ವರ್ಷ ಅವಳ ಕೆಲಸ ಕಾಯಂ ಆಗುವುದಿತ್ತು, ಕಡತಕ್ಕೆ ಸಹಿ ಹಾಕಬೇಕಾದವರು ಇವರೇ. ಪಕ್ಕದಲ್ಲಿ ನಿಂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ ಅಲ್ಲಿ" ಎಂದಿದ್ದರು. ಅವಳು ಸರಿಸಿದ್ದಳು. ಒಂದು ಸಲ ತಾನೆ ಎಂದು ತನಗೆ ತಾನೇ ಹೇಳಿಕೊಂಡು, ಆರು ವರ್ಷ ಅದನ್ನು ನೆನಪಿನ ಯಾವುದೋ ಮೂಲೆಗೆ ಗುಡಿಸಿಟ್ಟಿದ್ದಳು. ಕೆಳಗಿಳಿದು ಬಂದು ಸಿಂಕಿನಲ್ಲಿ ಕೈ ತೊಳೆದಳು. ಸೋಪು ಹಾಕಿ ಮತ್ತೆ ತೊಳೆದಳು. ಇದೇನು ಹುಚ್ಚು ಎನಿಸಿ ನಲ್ಲಿ ನಿಲ್ಲಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಕೂತಳು.

ಬೀಗ ನಾಲ್ಕು ತಿಂಗಳು ಹಾಗೇ ಇತ್ತು. ಈ ನಾಲ್ಕು ತಿಂಗಳಲ್ಲಿ ಪ್ರೊಫೆಸರರು ಮೂರು ಕಡೆ ಭಾಷಣ ಮಾಡಿ ಬಂದರು. ಗುಡ್ಡದ ಚಿತ್ರವನ್ನು ದೊಡ್ಡದು ಮಾಡಿಸಿ, ಗಾಜಿನ ಚೌಕಟ್ಟು ಹಾಕಿಸಿ, ಮೆಟ್ಟಿಲ ಪಕ್ಕದ ಗೋಡೆಗೆ ನೇತುಹಾಕಿದರು. ನೆಲಮಾಳಿಗೆಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡು ಇಳಿಯುತ್ತಿದ್ದಳು. ಬೀದಿಯಲ್ಲಿ ಯಾರೋ ವಾಂತಿ ಮಾಡಿದ್ದನ್ನು ಸುತ್ತುಬಳಸಿ ದಾಟುವಂತಿತ್ತು ಅವಳ ನಡಿಗೆ ಎಂದು ಕಾವಲುಗಾರ ಆಮೇಲೆ ಯಾರಿಗೋ ಹೇಳಿದನಂತೆ. ಅವಳು ಹೇಸುತ್ತಿದ್ದದ್ದು ಚಿತ್ರಕ್ಕೆ ಎಂದು ಅವನು ತಿಳಿದಿದ್ದ. ಗಾಜಿನಲ್ಲಿ ಅವಳದೇ ಮುಖ ಕಾಣುತ್ತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ಐದನೇ ತಿಂಗಳಲ್ಲಿ ಬೇರೆ ಊರಿನ ಕಾಲೇಜಿನಿಂದ ಒಬ್ಬ ಮೇಷ್ಟ್ರು ಬಂದರು. ನಲವತ್ತು ದಾಟಿದ, ತೆಳ್ಳಗಿನ, ಮೆಲುಮಾತಿನ ಮನುಷ್ಯ. ಅವರ ಕಾಲೇಜಿನಲ್ಲಿ ಹಳೆಯ ಯಂತ್ರವಿತ್ತು. ಅದನ್ನೇ ಅನುಮಾನಿಸಿ, ಇಲ್ಲಿಯದರಲ್ಲಿ ಒಮ್ಮೆ ನೋಡೋಣವೆಂದು ಅನುಮತಿ ಕೇಳಿ ಬಂದಿದ್ದರು. ಐಸಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ಪ್ಯಾಂಟಿನ ಮೇಲೆ ಡಬ್ಬದ ತೇವದ ಚೌಕ ಇನ್ನೂ ಆರಿರಲಿಲ್ಲ.

"ನಿಮ್ಮ ಪ್ರೊಫೆಸರ್ ಪೇಪರಿದೆಯಲ್ಲ ಮೇಡಂ, ಆ ಔಷಧದ್ದು," ಎಂದರು, ಟ್ಯೂಬುಗಳನ್ನು ಒಂದೊಂದಾಗಿ ಜೋಡಿಸುತ್ತ. "ಅದರ ಮುಂದಿನ ಹೆಜ್ಜೆ ನಾನು ಮಾಡೋಣ ಅಂತ. ಆದ್ರೆ ಮೊದಲನೇದೇ ಬರ್ತಿಲ್ಲ. ಏಳು ಸಲ ಮಾಡಿದೆ. ಪ್ರತಿ ಸಲ ಮೂರು, ಮೂರೂವರೆ. ಅವರು ಪೇಪರ್ ಹೊರಬರೋಕೆ ಮುಂಚೆ ಒಂದು ಸಮ್ಮೇಳನದಲ್ಲಿ ಇದನ್ನ ತೋರಿಸಿದ್ರು, ಆಗಿಂದ. ಒಂದೂವರೆ ವರ್ಷ ಆಯ್ತು. ಎರಡು ಸಲ ಪತ್ರ ಬರೆದೆ, ಕೈ ಪಳಗಬೇಕು ಅಂತ ಉತ್ತರ ಬಂತು. ನನ್ನ ಕೈಯೇ ಸರಿ ಇಲ್ವೇನೋ ಅನ್ನಿಸ್ತಿದೆ. ಮನೇಲೂ ಅದೇ ಮಾತು. ಹೆಂಡತಿ, ಇನ್ನು ಸಾಕು, ಪಾಠ ಮಾಡ್ಕೊಂಡಿರಿ ಅಂತಾಳೆ."

ಅವಳು ಅವರ ಕೈ ನೋಡುತ್ತಿದ್ದಳು. ಪ್ರತಿ ಟ್ಯೂಬನ್ನೂ ಒಂದೇ ಎತ್ತರಕ್ಕೆ ಹಿಡಿದು, ಒಂದೇ ಲೆಕ್ಕಕ್ಕೆ ಅಲುಗಿಸಿ ಇಡುತ್ತಿದ್ದರು. ಸತ್ತ ಕೋಶ ಗುರುತಿಸುವ ಬಣ್ಣಕ್ಕೆ ಬೇರೆ ಟ್ಯೂಬು, ಒಂದೊಂದು ಬಣ್ಣ ಬಿಟ್ಟು ನೋಡುವುದಕ್ಕೆ ಬೇರೆ ಟ್ಯೂಬು. ಎಲ್ಲದರ ಮೇಲೂ ಸಣ್ಣ, ದುಂಡು ಅಕ್ಷರ. ಇಷ್ಟು ವರ್ಷದಲ್ಲಿ ಇಂಥ ಕೈ ಅವಳ ಕೋಣೆಗೆ ಬಂದದ್ದು ಎಣಿಸಿ ಮೂರೋ ನಾಲ್ಕೋ. ಟ್ಯೂಬುಗಳನ್ನು ಓಡಿಸಿದಳು. ನಲವತ್ತು ಸಾವಿರ ಕೋಶ. ಶೇಕಡಾ ಮೂರು ಪಾಯಿಂಟ್ ಮೂರು.

ಮೇಷ್ಟ್ರು ಪರದೆ ನೋಡಿ ಡಬ್ಬದ ಮುಚ್ಚಳ ಹಾಕತೊಡಗಿದರು.

ಗೇಟಕ್ಕ ಎದ್ದು ಕೋಣೆಯ ಬಾಗಿಲು ಮುಚ್ಚಿದಳು. "ಕೂತ್ಕೊಳ್ಳಿ ಮೇಷ್ಟ್ರೇ. ನಿಮಗೊಂದು ತೋರಿಸ್ಬೇಕು. ತೋರಿಸ್ಬೇಕಾಗಿದ್ದು ನಾಲ್ಕು ತಿಂಗಳ ಹಿಂದೆ. ತಪ್ಪು ನಂದೇ."

ಆ ಮಂಗಳವಾರದ ಫೈಲು ತೆರೆದಳು. ಮೊದಲು ಚುಕ್ಕೆಗಳು, ಆಮೇಲೆ ಗೆರೆ ಎಲ್ಲಿರಬೇಕು ಎಂಬುದು, ಆಮೇಲೆ ಲೇಖನದಲ್ಲಿ ಎಲ್ಲಿಗಿಳಿಸಿದ್ದಾರೆ ಎಂಬುದು. ಕೊನೆಗೆ ಸುತ್ತುಗೆರೆಯ ಗುಂಡಿ ಒತ್ತಿದಳು. ಮೂವತ್ತೊಂದು ಚುಕ್ಕೆ, ಒಂದಷ್ಟು ಸತ್ತ ಕೋಶ ಅವರ ಕಣ್ಣೆದುರಿಗೇ ಗುಡ್ಡವಾಗಿ ಉಬ್ಬಿತು.

ಮೇಷ್ಟ್ರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು, "ಹಾಗಾದ್ರೆ ಇವು ಸರಿ ಇವೆ," ಎಂದರು. "ಮುನ್ನೂರಕ್ಕೂ ಮೇಲೆ ಇಲಿ ಕೊಂದೆ ಮೇಡಂ. ಯಾತಕ್ಕೆ?"

ಗೇಟಕ್ಕನಿಗೆ ಮತ್ತೆ ಅದೇ ಹೇಸಿಗೆ. ಈ ಸಲ ಅದನ್ನು ನುಂಗಿಕೊಳ್ಳಲಿಲ್ಲ. ಮೇಷ್ಟ್ರನ್ನು ಬಸ್ಸಿಗೆ ಕಳಿಸಿ ಬಂದು, ಸ್ವೆಟರು ಹಾಕಿಕೊಂಡು, ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಲು ಕೂತಳು. ಒಂದೇ ಪುಟ. ಆದರೆ ಶುರು ಮಾಡಿದ್ದು ಈ ಲೇಖನದಿಂದಲ್ಲ. ಆರು ವರ್ಷದ ಹಿಂದೆ ಇಂಥ ಲೇಖನದ ಇಂಥ ಚಿತ್ರದಲ್ಲಿ ಗೇಟನ್ನು ಸರಿಸಿದವಳು ನಾನು. ಪಕ್ಕದಲ್ಲಿದ್ದವರು ಹೇಳಿದ್ದು ನಿಜ, ಸರಿಸಿದ್ದು ನನ್ನ ಕೈ. ನಿಜವಾದ ಸಂಖ್ಯೆ ಇದು, ಎಂದು ಮೊದಲು ಬರೆದಳು. ಅದಾದ ಮೇಲೆ ಹೊಸ ಲೇಖನದ ಮೂರನೇ ಚಿತ್ರ, ಯಂತ್ರದ ಫೈಲುಗಳು, ದಿನಚರಿ ಪುಸ್ತಕದ ಆ ಪುಟದ ಫೋಟೋ. ಕೊನೆಗೆ, ಎರಡೂ ಲೇಖನಗಳಿಂದ ನನ್ನ ಹೆಸರು ತೆಗೆಯಿರಿ ಎಂದು ಒಂದು ಸಾಲು. ಹಳೆಯ ಲೇಖನ ಬಂದಿದ್ದ ಪತ್ರಿಕೆಗೂ ನಿರ್ದೇಶಕರಿಗೂ ಒಂದೊಂದು ಪ್ರತಿ.

ಕಳಿಸಿದ್ದನ್ನು ಕೇಳಿ ಗಂಡ, "ನಿನ್ನದನ್ನ ಬಿಟ್ಟು ಅವರದಷ್ಟೇ ಬರೀಬಹುದಿತ್ತಲ್ಲ," ಎಂದ.

"ಹಾಗೆ ಬರೆದಿದ್ರೆ ಅದೂ ಗೆರೆ ಸರಿಸಿದ ಹಾಗೇ ಅಲ್ವಾ?"

ಅತ್ತೆ ಇದಾವುದೂ ಪೂರ್ತಿ ಅರ್ಥವಾಗದಿದ್ದರೂ, "ಹೇಳಿದ್ಯಲ್ಲ, ಇನ್ನು ಊಟ ಮಾಡು," ಎಂದು ತಟ್ಟೆ ಇಟ್ಟರು. ಅವಳು ಉಂಡಳು.

ಮುಂದಿನದು ಅವಳು ಎಣಿಸಿದಂತೆ ನಡೆಯಲಿಲ್ಲ. ಮೂವರು ಹಿರಿಯರ ಸಮಿತಿ ಕೂತಿತು. ಅವಳಿಗೆ ಅವರು ಕೇಳಿದ ಮೊದಲ ಪ್ರಶ್ನೆ, ನೀವು ಎಲ್ಲಿವರೆಗೆ ಓದಿದ್ದೀರಿ ಎಂಬುದು. ಎರಡನೆಯದು, ಪ್ರೊಫೆಸರರ ಮೇಲೆ ನಿಮಗೇನಾದರೂ ವೈಯಕ್ತಿಕ ಸಿಟ್ಟಿದೆಯೇ ಎಂಬುದು. ಫೈಲು ತೆರೆದು ತೋರಿಸುತ್ತೇನೆ ಎಂದರೆ, ಅದು ತಾಂತ್ರಿಕ ವಿಚಾರ, ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರಲೇ ಇಲ್ಲ. ಏಳು ತಿಂಗಳಾದ ಮೇಲೆ ದೊಡ್ಡ ಪತ್ರಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು: ಚಿತ್ರ ಜೋಡಿಸುವಾಗ ಮೊದಲ ಲೇಖಕಿಯ ಅಜಾಗರೂಕತೆಯಿಂದ ತಪ್ಪು ಟ್ಯೂಬಿನ ಚಿತ್ರ ಸೇರಿದೆ, ಸರಿಯಾದ ಚಿತ್ರ ಇಲ್ಲಿದೆ, ಲೇಖನದ ತೀರ್ಮಾನಕ್ಕೆ ಇದರಿಂದ ಯಾವ ಧಕ್ಕೆಯೂ ಇಲ್ಲ. ಸರಿಯಾದದ್ದೆಂದು ಹಾಕಿದ ಚಿತ್ರದಲ್ಲಿ ಗೆರೆಗಳೇನೋ ಒಂದೇ ಮಟ್ಟದಲ್ಲಿದ್ದವು. ಅಳತೆಯ ಗುರುತುಗಳು ಈ ಸಲವೂ ಇರಲಿಲ್ಲ. ಹನ್ನೆರಡು ಈಗ ಹನ್ನೊಂದಾಗಿತ್ತು. ಹರಿದ ಬಟ್ಟೆಗೆ ತೇಪೆ ಹಚ್ಚುವಾಗಲೂ ಒಂದು ಮರ್ಯಾದೆ ಇರುತ್ತದೆ, ಇದರಲ್ಲಿ ಅದೂ ಇಲ್ಲ ಎಂದ ಗಂಡ.

ಆರು ವರ್ಷದ ಹಿಂದಿನ ಲೇಖನವನ್ನು ಮಾತ್ರ ಅದರ ಪತ್ರಿಕೆ ಪೂರ್ತಿ ಹಿಂತೆಗೆದುಕೊಂಡಿತು. ಅಲ್ಲಿ ತಪ್ಪೊಪ್ಪಿಗೆ ಇತ್ತಲ್ಲ, ಕೆಲಸ ಸುಲಭವಾಯಿತು. ತಾಂತ್ರಿಕ ಸಿಬ್ಬಂದಿಯೊಬ್ಬರ ತಪ್ಪೊಪ್ಪಿಗೆಯ ಮೇರೆಗೆ ಎಂದು ಕಾರಣ ಅಚ್ಚಾಯಿತು. ಎಲ್ಲ ಓದಿದವಳಿಗೆ ನಗು ಬಂತು, ಆದರೆ ಬಾಯೊಳಗೆ ಕಹಿ ಕಹಿ.

ಪಿಎಚ್‌ಡಿ ಹುಡುಗಿ ಒಂದು ಮಧ್ಯಾಹ್ನ ಕೆಳಗೆ ಬಂದು ಬಾಗಿಲಲ್ಲೇ ನಿಂತಳು. "ಅಜಾಗರೂಕತೆ ನಂದು ಅಂತ ಸಹಿ ಹಾಕಿ ಕೊಟ್ಟೆ ಅಕ್ಕಾ. ಡಿಗ್ರಿ ಆಯ್ತು. ಮುಂದಿನ ವಾರ ಹೊರಡ್ತಿದೀನಿ."

"ಎಲ್ಲಿಗೆ?"

"ಬೇರೆ ಲ್ಯಾಬು." ಅವಳ ಕಣ್ಣು ನೆಲದ ಮೇಲಿತ್ತು. "ನನ್ ಮೇಲೂ ಹೇಸಿಗೆ ಆಗ್ತಿದ್ಯಾ ನಿಮಗೆ?"

ಗೇಟಕ್ಕ ಸುಳ್ಳು ಹೇಳಬಹುದಿತ್ತು. "ಆಗ್ತಿದೆ," ಎಂದಳು. "ನನ್ ಮೇಲೂ ಆಗಿತ್ತು. ಅಲ್ಲಿಗೆ ಹೋದ ಮೇಲೆ ಬಣ್ಣ ಹಾಕದ ಟ್ಯೂಬು ಮೊದಲು ಓಡಿಸು. ಅಷ್ಟು ಮಾಡು."

ಪ್ರೊಫೆಸರರು ತಮ್ಮ ಮಹಡಿಗೇ ಒಂದು ಹೊಸ ಯಂತ್ರ ತರಿಸಿಕೊಂಡರು. ಅವರ ಟ್ಯೂಬುಗಳು ನೆಲಮಾಳಿಗೆಗೆ ಬರುವುದು ನಿಂತಿತು. ಗೋಡೆಯ ಮೇಲಿನ ಚಿತ್ರ ಅಲ್ಲೇ ಉಳಿಯಿತು. ತಿದ್ದಿದ ಚಿತ್ರವನ್ನು ಅದರ ಜಾಗಕ್ಕೆ ಹಾಕಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಅವರು ಈಗಲೂ ಅತ್ತೆಯವರ ಮಂಡಿನೋವು ವಿಚಾರಿಸುತ್ತಿದ್ದರು. ಅವಳು ನಿಲ್ಲದೆ ಇಳಿದುಹೋಗುತ್ತಿದ್ದಳು.

ಆದರೆ ಮೇಷ್ಟ್ರು ಸುಮ್ಮನಿರಲಿಲ್ಲ. ತಮ್ಮ ಏಳು ಸಲದ ಪ್ರಯೋಗವನ್ನೂ ಗೇಟಕ್ಕನ ಯಂತ್ರದಲ್ಲಿ ಮಾಡಿದ ಎಂಟನೆಯದನ್ನೂ ಸೇರಿಸಿ, ಈ ಔಷಧದಿಂದ ಏನೂ ಹೆಚ್ಚುವುದಿಲ್ಲ ಎಂದು ಲೇಖನ ಬರೆಯಲು ಹೊರಟರು. ಚಿತ್ರಗಳನ್ನು ಇಬ್ಬರೂ ಸೇರಿ ಮಾಡಿದರು. ಮೇಷ್ಟ್ರು ತಿಂಗಳಿಗೊಮ್ಮೆ ಬರುತ್ತಿದ್ದರು. ಎಲ್ಲ ಇಲಿಗಳ ಚಿತ್ರವನ್ನೂ ಹಾಕಿದರು, ಒಳ್ಳೆಯದೊಂದನ್ನೇ ಆರಿಸಲಿಲ್ಲ. ಮೊದಲ ಗೇಟಿನಿಂದ ಕೊನೆಯ ಗೇಟಿನವರೆಗೆ ಪ್ರತಿ ಹೆಜ್ಜೆ, ಬಣ್ಣ ಹಾಕದ ಟ್ಯೂಬು, ಅಂಚಿನಲ್ಲಿ ಅಳತೆ, ಒಳಗೆ ಕೋಶಗಳ ಸಂಖ್ಯೆ, ಶೇಕಡಾ ಎಂದರೆ ಯಾವುದರಲ್ಲಿ ಶೇಕಡಾ ಎಂಬ ವಿವರ. ಯಂತ್ರದ ಫೈಲುಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡುವಂತೆ ಸಾರ್ವಜನಿಕ ಜಾಲತಾಣಕ್ಕೆ ಹಾಕಿದರು. ನೋಡಲು ಚೆಂದವಿರಲಿಲ್ಲ. ಒಂದು ಪುಟದ ತುಂಬ ಹುಳ ಬಿದ್ದ ಹಾಗೆ ಚುಕ್ಕೆಗಳು.

ಪತ್ರಿಕೆಯ ಪರವಾಗಿ ಲೇಖನ ಪರಿಶೀಲಿಸಿದವರೊಬ್ಬರು, ಚಿತ್ರ ಗಿಜಿಗುಡುತ್ತಿದೆ, ಬಣ್ಣ ಹಾಕದ ಟ್ಯೂಬಿನ ಚಿತ್ರಗಳನ್ನು ತೆಗೆದರೆ ಓದುಗರಿಗೆ ಹಿತ ಎಂದು ಬರೆದರು. ಮೇಷ್ಟ್ರು ಫೋನು ಮಾಡಿ ಮೆತ್ತಗೆ ಕೇಳಿದರು, "ಏನ್ಮಾಡೋಣ ಮೇಡಂ? ತೆಗೆದ್ರೆ ಬೇಗ ಒಪ್ಕೋತಾರೆ."

"ಹಿತ ಬೇಕಾದೋರು ಹಾಡು ಕೇಳ್ಲಿ. ತೆಗೆಯಲ್ಲ ಅಂತ ಬರೀರಿ."

ಬರೆದರು. ಅದಕ್ಕೆ ಇನ್ನೂ ಐದು ತಿಂಗಳು ಹಿಡಿಯಿತು. ಕೊನೆಗೆ ಅದನ್ನು ಪ್ರಕಟಿಸಿದ್ದು ಹೆಚ್ಚು ಜನ ಓದದ ಒಂದು ಸಣ್ಣ ಪತ್ರಿಕೆ. ಎರಡನೇ ಹೆಸರು ಅವಳದು. ಪ್ರತಿ ಬಂದ ದಿನ ಸಭಾಂಗಣದಲ್ಲಿ ಯಾರೂ ಸೇರಲಿಲ್ಲ. ಆದರೆ ಎರಡು ತಿಂಗಳೊಳಗೆ ಪರಿಚಯವೇ ಇಲ್ಲದ ಇಬ್ಬರಿಂದ ಮೇಷ್ಟ್ರಿಗೆ ಪತ್ರ ಬಂತು. ತಮಗೂ ಆ ಹನ್ನೆರಡು ಬಂದಿರಲಿಲ್ಲವೆಂದೂ, ತಮ್ಮದೇ ತಪ್ಪೆಂದು ತಿಳಿದು ಕೈಬಿಟ್ಟಿದ್ದೆವೆಂದೂ ಇಬ್ಬರೂ ಹೆಚ್ಚೂ ಕಡಿಮೆ ಅದೇ ಮಾತು ಬರೆದಿದ್ದರು. ಮೇಷ್ಟ್ರು ಅದನ್ನು ಫೋನಿನಲ್ಲಿ ಓದಿ ಹೇಳುವಾಗ, ಹಿಂದಿನಿಂದ ಅವರ ಹೆಂಡತಿ, ಆ ಮೇಡಮ್ಮಿಗೆ ನಮ್ಮನೆಗೊಂದ್ಸಲ ಬರೋಕೆ ಹೇಳಿ ಎನ್ನುವುದು ಕೇಳಿಸಿತು.

ಆ ಲೇಖನವನ್ನು ಗೇಟಕ್ಕ ಒಂದು ಭಾನುವಾರ ಅಡಿಗೆಮನೆಯಲ್ಲಿ ಕೂತು ಮೊದಲಿನಿಂದ ಓದಿದಳು. ಒಂದೊಂದು ಅಂಕಿಯನ್ನೂ ತನ್ನ ದಿನಚರಿ ಪುಸ್ತಕದ ಜೊತೆ ತಾಳೆ ನೋಡುತ್ತ ಹೋದಳು. ನಾಲ್ಕನೇ ಚಿತ್ರದ ಆರನೇ ಚೌಕಕ್ಕೆ ಬಂದಾಗ ಬೆರಳು ನಿಂತಿತು. ಎಂಟು ಸಾವಿರದ ನಾಲ್ಕುನೂರ ಹನ್ನೆರಡು ಕೋಶ ಎಂದಿರಬೇಕಿತ್ತು. ಕೊನೆಯ ಹನ್ನೆರಡು ತಿರುಗುಮುರುಗಾಗಿ ಇಪ್ಪತ್ತೊಂದು ಎಂದು ಬಿದ್ದಿತ್ತು. ಟೈಪು ಮಾಡಿದ್ದು ಅವಳೇ.

ಮೇಷ್ಟ್ರಿಗೆ ಫೋನು ಮಾಡಿದಳು.

"ಒಂಬತ್ತು ಕೋಶದ ವ್ಯತ್ಯಾಸ ಮೇಡಂ," ಎಂದರು ಅವರು. "ಶೇಕಡಾದಲ್ಲಿ ಏನೂ ಬದಲಾಗಲ್ಲ. ಅದನ್ನ ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ."

ಅತ್ತ ಕಡೆ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಆಯ್ತು ಬರೆಯಿರಿ, ನನ್ನ ಹೆಸರೂ ಹಾಕಿ ಎಂದರು. ಅವಳು ಅಲ್ಲೇ, ತರಕಾರಿ ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ಸಂಪಾದಕರಿಗೆ ಎರಡು ಸಾಲು ಬರೆದಳು: ನಾಲ್ಕನೇ ಚಿತ್ರದಲ್ಲಿ ಒಂದು ಸಂಖ್ಯೆ ತಪ್ಪಾಗಿದೆ, ತಪ್ಪು ನನ್ನದು, ಸರಿಯಾದದ್ದು ಇದು. ಕಳಿಸಿದ ಮೇಲೆ, ಒಲೆಯ ಮೇಲಿದ್ದದ್ದು ತಳ ಹಿಡಿಯುತ್ತಿದೆ ಎಂದು ಅತ್ತೆ ಕೂಗಿದರು. ಅವಳು ಎದ್ದು ಹೋದಳು.